ಹತ್ತು ಸೆಕೆಂಡಿನ ನಿಯಮ

ಜೆಜ್ಕಜ್ಗಾನಿನ ಹೊರಗೆ, ಯಾರೂ ಬಂದಿಳಿಯದ ಹಳೆಯ ವಿಮಾನಪಟ್ಟಿಯಲ್ಲಿ
ಏಪ್ರಿಲ್ ಹನ್ನೆರಡರ ಬೆಳಿಗ್ಗೆ
ನಗರಸಭೆಯವರು ಹಗ್ಗ ಕಟ್ಟಿದ್ದಾರೆ.
ಹಗ್ಗದ ಈಚೆ ಊರು, ಆಚೆ ಬಾನು.
ಮೈಕಿನಲ್ಲಿ ಯಾರೋ ಮನುಕುಲದ ಹೆಜ್ಜೆ ಎನ್ನುತ್ತಿದ್ದಾರೆ,
ಅರ್ಧ ಮಾತನ್ನು ಗಾಳಿ ಕಿತ್ತುಕೊಂಡು ಓಡುತ್ತಿದೆ.
ಉಳಿದರ್ಧ ಸಾಕು. ಹೋದ ವರ್ಷವೂ ಅದೇ ಇತ್ತು.

ನಾನು ಹೊತ್ತು ಅಳೆಯುವವಳು.
ಕೊರಳಲ್ಲಿ ಶಾಲೆಯ ಸ್ಟಾಪ್‌ವಾಚು, ಕೈಯಲ್ಲಿ ಗಂಡನ ದುರ್ಬೀನು,
ಅವರು ಅದರಲ್ಲಿ ತೋಳ ಕಾಯುತ್ತಿದ್ದರು.
ಭೌತಶಾಸ್ತ್ರ ಕಲಿಸುತ್ತೇನೆಂಬ ಒಂದೇ ತಪ್ಪಿಗೆ
ಏಳು ವರ್ಷದಿಂದ ಈ ಕೆಲಸ ನನ್ನ ತಲೆಗೆ.

ನಮ್ಮವರಿಗೆ ರಾಕೆಟ್ಟು ಹೊಸದೇನಲ್ಲ.
ದೊಡ್ಡವು ದೂರದಲ್ಲಿ ಏರಿದ ದಿನ
ಕಳಚಿದ ಚಿಪ್ಪುಗಳು ಹುಲ್ಲುಬಯಲಿಗೆ ಬೀಳುತ್ತಿದ್ದವು.
ದೌಲೆತನ ಅಜ್ಜ ಒಂದನ್ನು ಒಂಟೆಗೆ ಕಟ್ಟಿ ಎಳೆದು ತಂದು,
ಸೀಳಿ, ಕುರಿಗಳಿಗೆ ನೀರಿನ ತೊಟ್ಟಿ ಮಾಡಿದ್ದ.
ಹಗುರ ಲೋಹ, ಬೆಳ್ಳಿಯ ಹಾಗೆ ಮಿಂಚು,
ಅದರೊಳಗೆ ಕುರಿಗಳು ಮೂತಿಯಿಟ್ಟರೆ ಮೋಡಕ್ಕೆ ಬಾಯಿಟ್ಟಂತೆ.
ಆಮೇಲೊಂದು ವರ್ಷ ಒಂದೂ ಮರಿ ಉಳಿಯಲಿಲ್ಲ.
ತೊಟ್ಟಿಯನ್ನು ಆಳುದ್ದ ಗುಂಡಿ ತೆಗೆದು ಹೂತರು.
ಮೈಕಿನಲ್ಲಿ ಅದು ಬರುವುದಿಲ್ಲ.

ಈಗ ಮಕ್ಕಳ ಸರದಿ.
ತೆಮಿರ್ಲಾನನದು ಮೂರು ಸಲ ಎಣಿಸಿದರೂ ಕೆಮ್ಮಿ ಸುಮ್ಮನಾಯಿತು.
ಇನ್ನೊಂದು ನೆಟ್ಟಗೆ ಹೋಗುವ ಬದಲು ಮಲಗಿ ಹಾರಿ
ಕುಲ್ಯಾಶಳ ಬೋರ್ಸೋಕಿನ ಬುಟ್ಟಿಗೆ ಮೂಗು ತೂರಿಸಿತು.
ನಕ್ಕರು, ಬೈದರು, ಬುಟ್ಟಿ ಖಾಲಿಯಾಯಿತು.

ಮೂವತ್ತೊಂದನೆಯ ನಂಬರು: ಅಕ್‌ಬೋತಾ, ಹನ್ನೊಂದು ವರ್ಷ,
ಅಣ್ಣನ ಜಾಕೆಟ್ಟು ಮೊಣಕಾಲಿನವರೆಗೆ.
ಹಳೆಯ ಭೂಪಟ ಸುತ್ತಿದ ಕೊಳವೆ, ರೆಕ್ಕೆಯ ಮೇಲೆ ಅರ್ಧ ಅರಲ್ ಸಮುದ್ರ.
ಬ್ರೆಡ್ಡಿನ ಚೀಲ ಕತ್ತರಿಸಿದ ಪ್ಯಾರಾಚೂಟು,
ಮಡಿಕೆ ಅಂಟದಿರಲೆಂದು ತಮ್ಮನ ಪೌಡರು ಹಚ್ಚಿದ್ದಾಳೆ,
ಹಾರುವ ಮೊದಲೇ ಅದಕ್ಕೆ ಕೂಸಿನ ವಾಸನೆ.

ಬುಸ್ಸೆಂದಿತು. ನಾನು ಗುಂಡಿ ಒತ್ತಿದೆ.
ತುದಿಯಲ್ಲಿ ಪಟ್ಟೆಂದು ಬಿಚ್ಚಿಕೊಂಡ ಚೀಲ
ಇಳಿಯಬೇಕಿತ್ತಲ್ಲ, ಇಳಿಯಲಿಲ್ಲ.
ಕಾದ ಡಾಂಬರಿನಿಂದೆದ್ದ ಬಿಸಿಗಾಳಿ ಅದನ್ನು ಎತ್ತಿಕೊಂಡಿತು.
ಹೆಬ್ಬೆರಳಷ್ಟು. ಗೋಧಿಯಷ್ಟು. ಸಾಸಿವೆಯಷ್ಟು.
ಆಮೇಲೆ ಸಾಸಿವೆ ಇದ್ದ ಜಾಗ.

ನಿಯಮ ಹೀಗಿದೆ: ಕಣ್ಣಿಂದ ಮರೆಯಾದರೆ
ಹತ್ತು ಸೆಕೆಂಡು ಕಾಯಬೇಕು.
ಮತ್ತೆ ಕಾಣದಿದ್ದರೆ ಆ ಹತ್ತನ್ನು ಕಳೆದು
ಉಳಿದದ್ದನ್ನು ಬರೆಯಬೇಕು.
ಯಾರ ಕಣ್ಣು? ಹೊತ್ತು ಅಳೆಯುವವಳ ಕಣ್ಣು.

ಒಂದು, ಎರಡು... ಕಪ್ಪು ಚುಕ್ಕಿ! ಅಲ್ಲ, ಅದು ಹದ್ದು.
ಐದು, ಆರು. ದುರ್ಬೀನಿನ ಗಾಜಿನಲ್ಲಿ ನನ್ನದೇ ಎವೆ.
"ಅಲ್ಲೇ ಇದೆ ಟೀಚರ್," ಎಂದಳು, ಹುಬ್ಬಿಗೆ ಕೈಯಿಟ್ಟು,
ಬಾಗಿಲಲ್ಲಿ ನಿಂತ ನೆಂಟರನ್ನು ತೋರಿಸುವಷ್ಟು ಸಲೀಸಾಗಿ.
ಎಂಟು. ಒಂಬತ್ತು.
"ಬಿಳೀ ಮೋಡದ ಎಡಕ್ಕೆ. ಈಗ ತಿರುಗಿತು."
ಹತ್ತು.

ನಾಲ್ಕು ನಿಮಿಷ ಹದಿನೇಳು ಸೆಕೆಂಡು ಎಂದು ಬರೆದೆ.
ಐವತ್ತೆಂಟರ ಕಣ್ಣು ಕಂಡಷ್ಟು.
ಅವಳು ವಾದ ಮಾಡಲಿಲ್ಲ, ಅದೇ ಕಷ್ಟ.
ವಾದಿಸಿದ್ದರೆ ನಿಯಮದ ಹಾಳೆ ತೋರಿಸುತ್ತಿದ್ದೆ.

ಕಾಣದ ತೋಳಕ್ಕೆ ನನ್ನ ಗಂಡನ ಹತ್ತಿರ ಇಂಥ ನಿಯಮ ಇರಲಿಲ್ಲ.
ಕಂಬಳಿ ಹೊದ್ದು ಬೆಳಗಿನವರೆಗೆ ಕೂರುತ್ತಿದ್ದರು.
ಹುಚ್ಚು ಎನ್ನುತ್ತಿದ್ದೆ.

ಮೂವತ್ತೆರಡು ಎಂದು ಕೂಗಿದರು. ವಾಚನ್ನು ಸೊನ್ನೆಗೆ ತಂದೆ.
ಅಕ್‌ಬೋತಾ ಹಗ್ಗದಡಿ ನುಸುಳಿ ಬಯಲಿಗಿಳಿದಿದ್ದಳು,
ಮುಖ ಮೇಲೆ, ಕಾಲು ತಡವರಿಸುತ್ತ.
ಹಿಂದೆ ಇಬ್ಬರು ಹುಡುಗರು, ಒಂದು ನಾಯಿ,
ಆಮೇಲೆ ಬುಟ್ಟಿ ಬಿಟ್ಟು ಕುಲ್ಯಾಶ್ ಕೂಡ,
ಎಲ್ಲರ ಬೆರಳೂ ಒಂದೇ ಕಡೆಗೆ.

ನನ್ನ ಪಟ್ಟಿಯಲ್ಲಿ ಅದು ಆಗಲೇ ಇಳಿದಿದೆ.